ಸದ್ದು ನಿಲ್ಲಬಾರದ ಮನೆ

ಈಗ ಬಾಡಿಗೆ ಮನೆ ಹುಡುಕುವವರನ್ನು ಮೊದಲು ಊರು ಯಾವುದು, ಜನ ಯಾರು ಎಂದು ಕೇಳುತ್ತಾರೆ, ಆಮೇಲೆ ಕೆಲಸ ಏನೆಂದು ಕೇಳುತ್ತಾರೆ. ನಾನು ಚಿಕ್ಕವಳಿದ್ದಾಗ ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಅಪ್ಪನ ಕೈ ಹಿಡಿದುಕೊಂಡು ಮನೆ ಕೇಳುತ್ತಾ ಅಲೆದಾಗ ನಮ್ಮನ್ನು ಅದ್ಯಾವುದನ್ನೂ ಯಾರೂ ಕೇಳುತ್ತಿರಲಿಲ್ಲ. ಬಾಗಿಲಿಗೆ ಬಂದವರು ಅಪ್ಪನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಒಂದೇ ಮಾತು ಕೇಳುತ್ತಿದ್ದರು.

"ಮಗ್ಗ ಐತಾ?"

ಐತೆ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಹಾಗಂತ ಅವರನ್ನು ಬೈಯುವ ಹಾಗೂ ಇರಲಿಲ್ಲ. ಆಗಿನದು ಗುಂಡಿ ಮಗ್ಗ. ನಡುಮನೆಯ ನೆಲವನ್ನು ಅಗೆದು ಗುಂಡಿ ಮಾಡಿ, ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ನೇಯಬೇಕು. ಕಾಲು ಗುಂಡಿಯೊಳಗಿನ ಹಲಗೆಗಳನ್ನು ತುಳಿಯುತ್ತದೆ, ಬಲಗೈ ಹಗ್ಗ ಜಗ್ಗಿ ಅಡ್ಡ ನೂಲಿನ ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಓಡಿಸುತ್ತದೆ, ಎಡಗೈ ಪ್ರತಿ ಎಳೆಯನ್ನೂ ಬಡಿದು ಕೂರಿಸುತ್ತದೆ. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಹೀಗೆ ಬಡಿದರೆ ಯಾವ ಮಣ್ಣುಗೋಡೆ ತಾನೆ ಸುಮ್ಮನಿರುತ್ತದೆ? ಗಾರೆ ಉದುರುತ್ತದೆ, ಹೆಂಚು ಜರುಗುತ್ತದೆ, ಬಾಡಿಗೆಯವನು ಬಿಟ್ಟುಹೋದ ಮೇಲೆ ನಡುಮನೆಯಲ್ಲಿ ಒಂದು ಗುಂಡಿ ಉಳಿಯುತ್ತದೆ. ತಮಾಷೆಯೆಂದರೆ, ನಮಗೆ ಮನೆ ಇಲ್ಲವೆಂದವರಲ್ಲಿ ಅರ್ಧಕ್ಕರ್ಧ ಜನ ನೇಕಾರರೇ. ತಮ್ಮ ಮನೆಯಲ್ಲಿ ಎರಡು ಮಗ್ಗ ಬಡಿಯುತ್ತಿದ್ದವರಿಗೆ ಮೂರನೆಯದು ಬಂದರೆ ಏನಾಗುತ್ತದೆಂದು ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಒಬ್ಬ ಯಜಮಾನರಂತೂ ತಮ್ಮ ಮಗ್ಗದ ಮೇಲೆ ಕೂತುಕೊಂಡೇ, ಬಡಿಯುವುದನ್ನು ನಿಲ್ಲಿಸದೆಯೇ, "ಮಗ್ಗದೋರಿಗೆ ಕೊಡಲ್ಲಪ್ಪ" ಎಂದರು. ಅಪ್ಪ ಬೀದಿಗೆ ಬಂದ ಮೇಲೆ ನಕ್ಕ. ನನಗೆ ನಗು ಬರಲಿಲ್ಲ, ಕಾಲು ನೋಯುತ್ತಿತ್ತು.

ಅಪ್ಪ ಕುಂದಾಣದ ಕಡೆಯವನು. ಯುದ್ಧದ ಕಾಲದಲ್ಲಿ ನೂಲು ಸರ್ಕಾರದ ಕಂಟ್ರೋಲಿಗೆ ಹೋಗಿ, ಹಳ್ಳಿಯಲ್ಲಿ ಕೂತವರಿಗೆ ಅದು ಕಣ್ಣಿಗೂ ಕಾಣದಂತಾದಾಗ, ಮಗ್ಗ ಬಿಚ್ಚಿ ಗಾಡಿಗೆ ಹೇರಿ, ಅಜ್ಜಿಯನ್ನೂ ಅಮ್ಮನನ್ನೂ ನನ್ನನ್ನೂ ಅದರ ಮೇಲೆ ಕೂರಿಸಿಕೊಂಡು ದೊಡ್ಡಬಳ್ಳಾಪುರಕ್ಕೆ ಬಂದುಬಿಟ್ಟ. ಬಂದವರು ಇಳಿದದ್ದು ಗಾಣದವರ ಮನೆಯ ಹಿಂದಿನ ಚಪ್ಪರದಲ್ಲಿ. ಮೂರು ಕಡೆ ತಡಿಕೆ, ಒಂದು ಕಡೆ ಅವರ ಎತ್ತು. ನನ್ನ ಕೂದಲಿಗೆ ಆಗ ಎಣ್ಣೆ ಹಚ್ಚುವ ಅಗತ್ಯವೇ ಇರಲಿಲ್ಲ, ಗಾಳಿಯಲ್ಲೇ ಹಿಂಡಿಯ ಜಿಡ್ಡು ಇರುತ್ತಿತ್ತು. ಅಪ್ಪ ಬೇರೆಯವರ ಮಗ್ಗದ ಮೇಲೆ ಕೂಲಿಗೆ ನೇಯಲು ಹೋಗುತ್ತಿದ್ದ. ನಮ್ಮ ಮಗ್ಗ ಮಾತ್ರ ಕಟ್ಟಿದ ಹಗ್ಗ ಬಿಚ್ಚದೆ ತಡಿಕೆಗೆ ಒರಗಿಕೊಂಡು ನಿಂತಿರುತ್ತಿತ್ತು. ಅಜ್ಜಿ ಶುಕ್ರವಾರ ಶುಕ್ರವಾರ ಆ ಮರಗಳಿಗೆ ಕುಂಕುಮ ಇಟ್ಟು, ಕೈ ಮುಗಿದು, ಅಪ್ಪನಿಗೆ ಕೇಳಿಸುವ ಹಾಗೆ ಗೊಣಗುತ್ತಿದ್ದಳು. ಕಾಯಿಲೆಯವರನ್ನು ನೋಡಿಕೊಳ್ಳುವ ಹಾಗೆ ಅವಳು ಆ ಮಗ್ಗವನ್ನು ನೋಡಿಕೊಳ್ಳುತ್ತಿದ್ದಳು.

ಕೊನೆಗೆ ನಮಗೆ ಸಿಕ್ಕಿದ್ದು ಧರ್ಮದ ಸಾಲಿನಲ್ಲಿ ಒಂದು ಮನೆ. ಜವಳಿ ವ್ಯಾಪಾರದಲ್ಲಿ ಚೆನ್ನಾಗಿ ಸಂಪಾದಿಸಿದ್ದ ಸಾಹುಕಾರರೊಬ್ಬರು, ತಮಗೆ ವಯಸ್ಸಾದ ಮೇಲೆ, ಸ್ವಂತ ಮನೆಯಿಲ್ಲದ ನೇಕಾರರಿಗೆಂದು ಊರಂಚಿನಲ್ಲಿ ಒಂದು ಸಾಲು ಮನೆ ಕಟ್ಟಿಸಿ ತೀರಿಕೊಂಡಿದ್ದರು. ಬಾಡಿಗೆ ಊರಿನಲ್ಲಿ ಕೇಳುತ್ತಿದ್ದುದರ ಅರ್ಧಕ್ಕಿಂತ ಕಡಿಮೆ, ಉಳಿದದ್ದನ್ನು ಅವರು ಬಿಟ್ಟುಹೋದ ಧರ್ಮದ ಹಣದಲ್ಲಿ ಸರಿದೂಗಿಸುತ್ತಿದ್ದರು. ಅದರ ಉಸ್ತುವಾರಿ ಶಾಮಣ್ಣನವರದು. ಎಳೆಬಿಸಿಲಿಗೂ ಕೊಡೆ ಬಿಚ್ಚುವ, ಯಾರ ಮೇಲೂ ಕೂಗದ, ಆದರೆ ಒಂದು ಸಲ ಹೇಳಿದ್ದನ್ನು ಬದಲಿಸದ ಮನುಷ್ಯ. ಅಪ್ಪ ಅವರ ಹತ್ತಿರ ಅದೆಷ್ಟು ಸಲ ಹೋಗಿ ಬಂದನೋ. ಕೊನೆಗೊಂದು ದಿನ ಬೀಗದ ಕೈ ಕೊಡುವಾಗ ಅವರು ಹೇಳಿದ ಮಾತು ನನಗೆ ನೆನಪಿದೆ.

"ಇದು ಛತ್ರ ಅಲ್ಲ, ರಾಮಣ್ಣ. ನೇಯೋರಿಗೆ ಅಂತ ಕಟ್ಟಿಸಿರೋದು. ಮಗ್ಗ ನಡೀತಿರೋವರೆಗೂ ಮನೆ ನಿನ್ನದು. ಒಂದು ತಿಂಗಳು ಮಗ್ಗ ನಿಂತರೆ, ಕಾಯ್ತಾ ಇರೋ ಇನ್ನೊಬ್ಬರಿಗೆ ಬಿಟ್ಟುಕೊಡಬೇಕು."

"ಮಗ್ಗ ನಿಂತ್ರೆ ಒಲೇನೂ ನಿಲ್ತೈತೆ ಸ್ವಾಮಿ. ಬರೀ ಮನೆ ಇಟ್ಕೊಂಡು ಏನ್ ಮಾಡ್ಲಿ?" ಎಂದು ಅಪ್ಪ ನಕ್ಕ.

ಮನೆ ಎಂದರೆ ಎರಡೇ ಕೋಣೆ. ಮುಂದಿನದು ಮಗ್ಗಕ್ಕೆ, ಹಿಂದಿನದು ಒಲೆಗೆ. ಬೀದಿಗೆ ಒಂದು ಜಗಲಿ, ಹಿತ್ತಿಲಿಗೆ ಒಂದು ಬಾಗಿಲು, ಸಾಲಿಗೆಲ್ಲ ಸೇರಿ ಒಂದು ಬಾವಿ. ಅಪ್ಪ ಒಳಗೆ ಕಾಲಿಟ್ಟವನೇ ನಡುಮನೆಯಲ್ಲಿ ನಿಂತುಬಿಟ್ಟ. ನೆಲದಲ್ಲಿ ಗುಂಡಿ ಮೊದಲೇ ಇತ್ತು, ಕಟ್ಟಿಸಿದವರೇ ಕಲ್ಲಿನ ಅಂಚು ಕೂರಿಸಿ ಮಾಡಿಸಿದ್ದರು. "ಗುಂಡಿ ತೆಗೆದೇ ಇಟ್ಟವ್ರೆ ಕಣೇ" ಎಂದು ಅಮ್ಮನನ್ನು ಕರೆದ ಅವನ ದನಿ, ಮುಂದೆ ನನ್ನ ತಮ್ಮ ಹುಟ್ಟಿದಾಗಲೂ ಅಷ್ಟು ಖುಷಿಯಾಗಿರಲಿಲ್ಲ. ಅಮ್ಮ ಗುಂಡಿಯನ್ನು ನೋಡಲಿಲ್ಲ, ನೇರ ಒಲೆಯ ಹತ್ತಿರ ಹೋಗಿ ಹೊಗೆ ಎಲ್ಲಿಂದ ಹೋಗುತ್ತದೆಂದು ತಲೆಯೆತ್ತಿ ನೋಡಿದಳು. ಅಜ್ಜಿ ಎರಡನ್ನೂ ನಂಬಲಿಲ್ಲ. ಮೊದಲಿದ್ದವರು ಯಾರೋ ಎಂತೋ ಎಂದು ಗುಂಡಿಯನ್ನು ಸಗಣಿ ನೀರಿನಲ್ಲಿ ಸಾರಿಸಿ, ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆಸಿದ ಮೇಲೆಯೇ ಮಗ್ಗ ಹೂಡಲು ಬಿಟ್ಟಳು. ಅಜ್ಜಿಗೆ ಮಗ್ಗದ ಗುಂಡಿ ದೇವರ ಗೂಡಿಗೆ ಸಮ. ಹೆಂಗಸರು ರಾಟೆ ತಿರುಗಿಸಿ ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತಬಹುದು, ನೂಲಿಗೆ ಗಂಜಿ ಹಾಕಬಹುದು, ಕಡಿದ ಎಳೆ ಗಂಟು ಹಾಕಬಹುದು. ಗುಂಡಿಯೊಳಗೆ ಮಾತ್ರ ಕಾಲಿಡುವ ಹಾಗಿಲ್ಲ. ಬೇರೆ ಊರಿನ ನೇಕಾರರಲ್ಲಿ ಹೇಗಿತ್ತೋ ನಾನರಿಯೆ. ನಮ್ಮ ಸಾಲಿನಲ್ಲಿ ಯಾವ ಹೆಂಗಸೂ ಕಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಆ ಸಾಲಿನ ಬದುಕನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಸದ್ದು, ಆಮೇಲೆ ಮುಖಗಳು ಕಾಣುತ್ತವೆ. ಬೆಳಕು ಹರಿಯುತ್ತಲೇ ಒಂದು ಮನೆಯಿಂದ ಟಕ್ ಎಂದು ಶುರುವಾಗುತ್ತಿತ್ತು, ನಾವು ಮುಖ ತೊಳೆದು ಬರುವಷ್ಟರಲ್ಲಿ ಸಾಲಿಗೆ ಸಾಲೇ ಬಡಿಯುತ್ತಿತ್ತು. ಯಾವ ಸದ್ದು ಯಾರದೆಂದು ಮಕ್ಕಳಾದ ನಮಗೂ ಗೊತ್ತು. ಪಕ್ಕದ ಮನೆಯ ನಂಜಪ್ಪಮಾವನದು ಅವಸರದ ಬಡಿತ, ಸಾಲ ಕೇಳಲು ಬಂದವನು ಬಾಗಿಲು ತಟ್ಟಿದ ಹಾಗೆ. ಅಪ್ಪನದು ನಿಧಾನ, ಆದರೆ ತಪ್ಪದು. ಬೆಳಗಿನ ತಂಪಿನಲ್ಲಿ ಬೀದಿಯ ಉದ್ದಕ್ಕೂ ಹಾಸಿನ ಉದ್ದನೆ ನೂಲನ್ನು ಬಿಗಿದು ಕಟ್ಟಿ, ಗಂಜಿ ಬಳಿದು, ಆ ಕಡೆ ಈ ಕಡೆ ಹೆಂಗಸರು ಗಂಡಸರು ನಿಂತು ಕುಂಚದಿಂದ ತೀಡುವಾಗ ಒಂದು ಗಾಡಿಯೂ ಆ ಬೀದಿಗೆ ಬರುವಂತಿರಲಿಲ್ಲ. ಬಂದ ಗಾಡಿಯವನು ಬೈದುಕೊಂಡು ಎತ್ತು ತಿರುಗಿಸಬೇಕು. ಹುಳಿ ಗಂಜಿಯ ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಹಸಿವಾಗುತ್ತದೆ. ಹೊತ್ತು ನೆತ್ತಿಗೆ ಬಂದಾಗ ಒಂದೊಂದೇ ಮಗ್ಗ ಸುಮ್ಮನಾಗುತ್ತಿತ್ತು, ಅದೇ ನಮಗೆ ಊಟದ ಗಂಟೆ. ಮುದ್ದೆ, ಹುರುಳಿ ಕಾಳಿನ ಬಸ್ಸಾರು. ಕಂಟ್ರೋಲು ಅಂಗಡಿಯಲ್ಲಿ ರಾಗಿ ಸಿಗದ ವಾರ ಹುಳುಕು ಜೋಳದ ರೊಟ್ಟಿ. ಅವರೆಕಾಯಿ ಕಾಲದಲ್ಲಿ ಮಾತ್ರ ನಾವು ಶ್ರೀಮಂತರು. ಹತ್ತಿರದ ಮಧುರೆಯ ಸಂತೆಗೆ ಹೋದವರು ಸಾಲಿಗೆಲ್ಲ ಸೇರಿಸಿ ಮೂಟೆ ಹೊತ್ತು ತರುತ್ತಿದ್ದರು, ಜಗಲಿಗಳ ತುಂಬ ಹೆಂಗಸರು ಕೂತು ಸುಲಿಯುತ್ತಾ ಊರಿನ ಮಾನ ಕಳೆಯುತ್ತಿದ್ದರು.

ಜಗಳಗಳೂ ಚೆನ್ನಾಗಿದ್ದವು. ಎರಡು ಮನೆಗೆ ಒಂದೇ ಗೋಡೆಯಾದ್ದರಿಂದ ಜಗಳವಾಡಲು ಎದ್ದು ಹೋಗುವ ಕಷ್ಟವೂ ಇರಲಿಲ್ಲ. ನಂಜಪ್ಪಮಾವನ ಹೆಂಡತಿ ಪುಟ್ಟತ್ತೆಗೂ ನಮ್ಮಜ್ಜಿಗೂ ಬಾವಿಕಟ್ಟೆಯ ಸರದಿಯ ವಿಷಯದಲ್ಲಿ ಹತ್ತಿಕೊಂಡರೆ, ಇಬ್ಬರೂ ತಂತಮ್ಮ ಒಲೆಯ ಮುಂದೆ ಕೂತು, ಮುದ್ದೆ ತಿರುವುತ್ತಲೇ ಗೋಡೆಯ ಮೂಲಕ ಮುಂದುವರಿಸುತ್ತಿದ್ದರು. ಮಾರನೆಯ ದಿನ ಅದೇ ಗೋಡೆಯ ಮೇಲೆ ತಟ್ಟಿ "ಒಂದು ಹಿಡಿ ಉಪ್ಪು ಕೊಡೇ" ಎನ್ನುವುದಕ್ಕೂ ಸಂಕೋಚವಿರಲಿಲ್ಲ. ನಾನು ಮಲಗುತ್ತಿದ್ದದ್ದು ಮಗ್ಗದ ಪಕ್ಕದ ಮೂಲೆಯಲ್ಲಿ. ಅಪ್ಪ ಬಡಿಯುತ್ತಿದ್ದರೇ ನನಗೆ ನಿದ್ದೆ, ನಿಲ್ಲಿಸಿದರೆ ಎಚ್ಚರ. ಗಟ್ಟಿ ಹೆಂಚಿನ ಕೆಳಗೆ ಮಲಗಿದ ಆ ಸುಖವನ್ನು ನಾನು ಮುಂದೆ ಯಾವ ಮನೆಯಲ್ಲೂ ಕಾಣಲಿಲ್ಲ.

ಅಪ್ಪ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿದ್ದು ಒಂದು ಮಳೆಗಾಲದ ಬೆಳಗ್ಗೆ. ಕೊಡ ಉಳಿಯಿತು, ಬಲಗೈ ಮುರಿಯಿತು. ನಾಟಿ ವೈದ್ಯ ಬಂದು, ಬಿದಿರಿನ ದಬ್ಬೆ ಇಟ್ಟು, ಮೊಟ್ಟೆ ಬಿಳಿಯ ಪಟ್ಟು ಹಾಕಿ ಬಿಗಿದು ಕಟ್ಟಿ, ಎರಡು ತಿಂಗಳು ಕೈ ಅಲ್ಲಾಡಿಸಬೇಡ ಎಂದ. ಅಪ್ಪ ನೋವಿಗೆ ಅಳಲಿಲ್ಲ, ಎರಡು ತಿಂಗಳು ಎಂದು ಕೇಳಿದಾಗ ಗೋಡೆಯ ಕಡೆ ತಿರುಗಿದ. ಮನೆಯವರಿಗೆಲ್ಲ ಒಂದೇ ಮಾತು ತಲೆಗೆ ಬಂದಿತ್ತು, ಬಾಯಿಬಿಟ್ಟು ಹೇಳಿದವಳು ನಾನು. "ಒಂದು ತಿಂಗಳು ನಿಂತ್ರೆ ಮನೆ ಬಿಡ್ಬೇಕಲ್ವಾ ಅಪ್ಪ?" ಅಜ್ಜಿ ನನ್ನ ತಲೆಗೆ ಒಂದು ಮೊಟಕಿದಳು.

ಕಾಯುತ್ತಾ ಇದ್ದ ಇನ್ನೊಬ್ಬರು ಯಾರೆಂಬುದೂ ನಮಗೆ ಗೊತ್ತಿತ್ತು. ಚಿಕ್ಕಣ್ಣ ಎಂಬ ನೇಕಾರ. ಅವನು, ಹೆಂಡತಿ ಸಿದ್ದಮ್ಮ, ಮಕ್ಕಳು ಎಲ್ಲ ಪೇಟೆಯ ಹಳೆಯ ಛತ್ರದ ಒಂದು ಮೂಲೆಯಲ್ಲಿ ಸೀರೆ ಅಡ್ಡ ಕಟ್ಟಿಕೊಂಡು ಇದ್ದರು. ಅವರ ಮಗ್ಗವೂ ನಮ್ಮದು ಹಿಂದೆ ಇದ್ದ ಹಾಗೆ ಹಗ್ಗ ಕಟ್ಟಿಸಿಕೊಂಡು ಗೋಡೆಗೆ ಒರಗಿತ್ತು. ದೊಡ್ಡ ಮಗಳು ಕಮಲಿ ನನ್ನ ಓರಗೆಯವಳು, ನಮ್ಮ ಜಗಲಿಗೆ ಕಲ್ಲಾಟ ಆಡಲು ಬರುತ್ತಿದ್ದಳು. ಚಿಕ್ಕಣ್ಣನ ಕೈ ಒಳ್ಳೆಯ ಕೈ ಎಂದು ಅಪ್ಪನೇ ಹೇಳುತ್ತಿದ್ದ. ನಮ್ಮಲ್ಲಿ ಮಗ್ಗ ಇದೆ, ಕೈ ಇಲ್ಲ. ಅವನಿಗೆ ಕೈ ಇದೆ, ಮಗ್ಗ ಹೂಡುವ ಜಾಗ ಇಲ್ಲ. ಅಪ್ಪ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಛತ್ರಕ್ಕೆ ಹೋದ, ನಾನೂ ಹಿಂದೆ ಹೋದೆ.

"ಚಿಕ್ಕಣ್ಣ, ನನ್ನ ಕೈ ಕೂಡೋವರ್ಗೂ ನನ್ನ ಮಗ್ಗದ ಮೇಲೆ ಕೂತ್ಕೊಳಪ್ಪ. ಕೂಲಿ ಪೂರ್ತಿ ನೀನೇ ತಗೋ."

ಚಿಕ್ಕಣ್ಣ ತನ್ನ ಕಾಲಿನ ಹೆಬ್ಬೆರಳನ್ನೇ ನೋಡಿಕೊಂಡು ಹೇಳಿದ.

"ಕೂತ್ಕೊಬೋದು ರಾಮಣ್ಣ. ನಿನ್ ಮಗ್ಗ ನಾನು ಆಡ್ಸಿದ್ರೆ ನನ್ ಮಕ್ಳು ಇಲ್ಲೇ ಇರ್ತವೆ. ನೀನೇ ಹೇಳು, ಹೆಂಗ್ ಕೂತ್ಕೊಳ್ಲಿ?"

ಅಪ್ಪ ನನ್ನ ಕೈ ಹಿಡಿದುಕೊಂಡು ಹಿಂದಿರುಗಿದ. ಮನೆಗೆ ಬಂದು ಅಮ್ಮನಿಗೆ ಹೇಳುವಾಗಲೂ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಅವನು ಹೇಳಿದ್ರಲ್ಲಿ ತಪ್ಪೇನೈತೆ? ನಾನಾಗಿದ್ರೂ ಅದೇ ಹೇಳ್ತಿದ್ದೆ" ಎಂದ. ಅಜ್ಜಿ ಮಾತ್ರ ಚಿಕ್ಕಣ್ಣನ ವಂಶವನ್ನೆಲ್ಲ ಎತ್ತಿ ಆಡಿದಳು. ಅವಳಿಗೆ ಅದರಿಂದ ಸ್ವಲ್ಪ ಹಗುರವಾಗುತ್ತಿತ್ತು, ನಾವು ಬಿಟ್ಟೆವು.

ಆಗ ಸಾಲಿನವರು ಒಂದು ಉಪಾಯ ಮಾಡಿದರು. ಉಪಾಯ ನಂಜಪ್ಪಮಾವನದು. ತಾನೂ ಇನ್ನು ಮೂರು ಮನೆಯ ಗಂಡಸರೂ ತಮ್ಮ ಕೆಲಸದ ನಡುವೆ ಬಿಡುವಾದಾಗ ಒಬ್ಬೊಬ್ಬರೇ ಬಂದು ನಮ್ಮ ಮಗ್ಗದ ಮೇಲೆ ಕೂತು ಸ್ವಲ್ಪ ಸ್ವಲ್ಪ ನೇಯುವುದು. ಹೀಗೆ ಮಾಡಿದರೆ ಮಗ್ಗ ನಿಲ್ಲುವುದಿಲ್ಲ, ಸೀರೆಯೂ ಮುಗಿಯುತ್ತದೆ, ಕೂಲಿಯೂ ಬರುತ್ತದೆ. ಎಲ್ಲರೂ ಹುಟ್ಟು ನೇಕಾರರು, ಎಲ್ಲರಿಗೂ ಒಳ್ಳೆಯ ಮನಸ್ಸು. ಸಹಾಯ ಮಾಡುವ ಭರದಲ್ಲಿ ಅವರು ತಮ್ಮ ಕಸುಬನ್ನೇ ಮರೆತಿದ್ದರು. ಊಟದ ಬಿಡುವಿನಲ್ಲಿ ಒಬ್ಬ, ಸಂಜೆ ಒಬ್ಬ ಬರುತ್ತಿದ್ದರು. ಬಂದವರಿಗೆ ಅಮ್ಮ ಮಜ್ಜಿಗೆ ಕೊಡುತ್ತಿದ್ದಳು, ಅಪ್ಪ ಪಕ್ಕದಲ್ಲಿ ಕೂತು ಮಾತನಾಡಿಸುತ್ತಿದ್ದ, ಮನೆಯಲ್ಲಿ ಒಂದು ಥರ ಹಬ್ಬವೇ. ಸೀರೆ ಮುಗಿದ ಮೇಲೆ ಅಮ್ಮ ಅದನ್ನು ಮಡಿಸಿ, ನನ್ನನ್ನು ಕರೆದುಕೊಂಡು, ನಮಗೆ ನೂಲು ಕೊಟ್ಟು ಕೂಲಿಗೆ ನೇಯಿಸುತ್ತಿದ್ದ ಸಾಹುಕಾರರ ಅಂಗಡಿಗೆ ಹೋದಳು. ಅವರು ಸೀರೆಯನ್ನು ಬಿಡಿಸಿ ಬೆಳಕಿಗೆ ಹಿಡಿದರು. ಅಲ್ಲಿಯವರೆಗೆ ನಮ್ಮ ಕತ್ತಲೆಯ ನಡುಮನೆಯಲ್ಲಿ ಕಾಣದ್ದು ಆಗ ಕಂಡಿತು. ಒಬ್ಬೊಬ್ಬರ ಕೈಯ ಭಾರ ಒಂದೊಂದು. ಜೋರಾಗಿ ಬಡಿದವನ ಕಡೆ ಬಟ್ಟೆ ದಟ್ಟ, ಮೆಲ್ಲಗೆ ಬಡಿದವನ ಕಡೆ ತೆಳು. ಸೀರೆಯ ಉದ್ದಕ್ಕೂ ಪಟ್ಟೆ ಪಟ್ಟೆ.

"ಏನಮ್ಮಾ ಇದು? ನಾಕು ಜನ ಕೂತು ನೇಯ್ದಂಗಿದೆ."

"ನಾಕೇ ಜನ ಸ್ವಾಮಿ" ಎಂದಳು ಅಮ್ಮ.

ಸಾಹುಕಾರರು ನಕ್ಕುಬಿಟ್ಟರು. ನಕ್ಕು ಮುಗಿದ ಮೇಲೆ ಸೀರೆಯನ್ನು ಮಡಿಸಿ ಅಮ್ಮನ ಕಡೆಗೇ ತಳ್ಳಿದರು. "ಇದನ್ನ ನೀನೇ ಉಟ್ಕೊಬೇಕು ತಾಯಿ, ಇನ್ಯಾರೂ ಉಡಲ್ಲ. ನೂಲು ಸಿಗೋದೇ ಈಗ ಕಷ್ಟ. ಒಂದೇ ಕೈಯಲ್ಲಿ ನೇಯೋ ಹಂಗಿದ್ರೆ ಮುಂದಿಂದು ತಗೊಂಡು ಹೋಗು, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ."

ಅಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ಒಂದೇ ಕೈ ಸ್ವಾಮಿ. ಕೊಡಿ" ಎಂದಳು.

ನೂಲಿನ ಗಂಟನ್ನು ಸೊಂಟಕ್ಕಿಟ್ಟುಕೊಂಡು ಬೀದಿಯಲ್ಲಿ ಬಿರಬಿರನೆ ನಡೆಯುತ್ತಿದ್ದವಳನ್ನು ನಾನು ಓಡಿ ಹಿಡಿದು, "ಯಾರ ಕೈ ಅಮ್ಮ?" ಎಂದು ಕೇಳಿದೆ. "ಬಾಯಿ ಮುಚ್ಕೊಂಡು ನಡಿ" ಎಂದಳು. ನಮ್ಮಮ್ಮ ಅಲ್ಲಿಯವರೆಗೆ ಮನೆಯಲ್ಲಿ ಒಂದು ಮಾತನ್ನೂ ತಾನಾಗಿ ತೀರ್ಮಾನಿಸಿದವಳಲ್ಲ. ಸೊಪ್ಪು ಯಾವುದು ಕೊಳ್ಳಬೇಕೆಂಬುದನ್ನೂ ಅಜ್ಜಿಯನ್ನು ಕೇಳುತ್ತಿದ್ದಳು. ಮನೆಗೆ ಬಂದು ಹಾಸನ್ನು ಸಿದ್ಧ ಮಾಡಿ, ಎಳೆಗೆ ಎಳೆ ಹೊಸೆದು ಮಗ್ಗಕ್ಕೆ ಕೂಡಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು, ಗುಂಡಿಯ ಅಂಚಿಗೆ ಬಂದು ನಿಂತಾಗಲೇ ಅಜ್ಜಿಗೆ ಅರ್ಥವಾದದ್ದು.

"ನಾನಿನ್ನೂ ಸತ್ತಿಲ್ಲ. ನಾನಿರೋ ಮನೇಲಿ ಹೆಣ್ಣು ಗುಂಡಿಗೆ ಇಳಿಯಲ್ಲ."

"ಮನೆ ಇದ್ರೆ ತಾನೆ ಅತ್ತೆ? ಗಾಣದೋರ ಚಪ್ಪರದಲ್ಲಿ ಗುಂಡೀನೇ ಇರ್ಲಿಲ್ಲ. ಅಲ್ಲಿಗೆ ಹೋದ್ರೆ ಇಳಿಯೋ ಮಾತೇ ಇರಲ್ಲ, ಹೋಗಾಣ ನಡೀರಿ."

ಅಜ್ಜಿ ಮಗನ ಕಡೆ ನೋಡಿದಳು. ಎಲ್ಲರೂ ಅಪ್ಪನ ಕಡೆ ನೋಡಿದೆವು. ಅಮ್ಮ ಇಳಿದು ಕೂತಳು. ಅಪ್ಪನ ಉದ್ದದ ಕಾಲಿಗೆ ಹೊಂದಿಸಿದ ಹಲಗೆಗಳು ಅವಳ ಗಿಡ್ಡ ಕಾಲಿಗೆ ಎಟುಕಲಿಲ್ಲ, ಕಾಲು ಗುಂಡಿಯಲ್ಲಿ ಜೋತಾಡಿತು. ಆಗ ಅಪ್ಪ ಎದ್ದು ಬಂದ. ನೆಲದ ಮೇಲೆ ಬೋರಲು ಮಲಗಿ, ಗುಂಡಿಯೊಳಗೆ ತಲೆ ಬಗ್ಗಿಸಿ, ಹಗ್ಗದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎಡಗೈಯೊಂದರಲ್ಲೇ ಗಂಟು ಬಿಚ್ಚಿ ಹಾಕಿ, ಹಲಗೆಗಳನ್ನು ಅವಳ ಕಾಲಿಗೆ ಎಟುಕುವಷ್ಟು ಮೇಲೆ ಕಟ್ಟಿದ. ಅಜ್ಜಿ ಹಿತ್ತಿಲಿಗೆ ಹೋಗಿ ಕೂತಳು. ಆ ದಿನ ಅವಳು ಊಟ ಮಾಡಲಿಲ್ಲ.

ಅಮ್ಮ ಹುಟ್ಟಿದಾಗಿನಿಂದ ಮಗ್ಗ ನೋಡಿದವಳು. ಏನು ಮಾಡಬೇಕೆಂದು ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಮೊದಲ ದಿನಗಳಲ್ಲಿ ದಿನಕ್ಕೆ ಒಂದು ಗೇಣು ಬಟ್ಟೆ ಆದರೆ ಹೆಚ್ಚು. ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾ, ಹೇಳಿದ್ದು ಹೆಚ್ಚಾದಾಗ ಬೈಸಿಕೊಳ್ಳುತ್ತಾ, ಎಡಗೈಯಲ್ಲಿ ರಾಟೆ ತಿರುಗಿಸಿ ಕಂಡಿಕೆ ಸುತ್ತುವುದನ್ನು ಕಲಿತ. ಗಂಡಸು ರಾಟೆ ಮುಂದೆ ಕೂತದ್ದನ್ನು ನೋಡಲು ಸಾಲಿನ ಮಕ್ಕಳು ಬಾಗಿಲಲ್ಲಿ ಗುಂಪಾದರೆ ಅಪ್ಪ ಅವರಿಗೆ ಅಣಕು ಮುಖ ಮಾಡಿ ಓಡಿಸುತ್ತಿದ್ದ. ಅಡುಗೆ ಅಜ್ಜಿಯ ಪಾಲಿಗೆ ಬಂತು. ಕಣ್ಣು ಮಂಜಾದ ಅವಳು ಮಾಡಿದ ಮುದ್ದೆಯಲ್ಲಿ ಹಿಟ್ಟಿನ ಗಂಟು ಸಿಗುತ್ತಿತ್ತು. ಸಿಕ್ಕರೂ ಯಾರೂ ಸೊಲ್ಲೆತ್ತಲಿಲ್ಲ. ಸೊಲ್ಲೆತ್ತಿದರೆ ಯಾವ ಮಾತು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅಮ್ಮನ ಬಡಿತ ಕೇಳಿ ಮೊದಮೊದಲು ಸಾಲಿನ ಮಗ್ಗಗಳೆಲ್ಲ ತುಸು ತಡೆಯುತ್ತಿದ್ದವು, ಕಿವಿಗೊಟ್ಟ ಹಾಗೆ. ಪುಟ್ಟತ್ತೆ ಗೋಡೆಯಾಚೆಯಿಂದ ಕೂಗಿ ಹೇಳಿದಳು: "ಗೌರಮ್ಮ, ಒಸಿ ಜೋರಾಗಿ ಬಡಿಯೇ. ಮಗೂಗೆ ತಟ್ಟಿ ಮಲಗಿಸ್ದಂಗೈತೆ." ಅಮ್ಮ ನಕ್ಕಳು. ನಗುತ್ತಾ ಜೋರಾಗಿ ಬಡಿದಳು. ರಾತ್ರಿ ಅವಳ ಹೆಗಲಿಗೆ ನಾನು ಹರಳೆಣ್ಣೆ ಹಚ್ಚುತ್ತಿದ್ದೆ, ಮುಟ್ಟಿದರೆ ಹಾ ಎನ್ನುತ್ತಿದ್ದಳು. ನನಗೆ ಅವಳ ಮೇಲೆ ಅಷ್ಟು ಹೆಮ್ಮೆ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ.

ಶಾಮಣ್ಣನವರು ಬಂದಾಗ ಅವರ ಕೊಡೆಯ ಹಿಂದೆ ಚಿಕ್ಕಣ್ಣ, ಸಿದ್ದಮ್ಮ, ಕಮಲಿ ಮೂವರೂ ಇದ್ದರು. ರಾಮಣ್ಣನ ಕೈ ಮುರಿದು ತಿಂಗಳಾಯಿತೆಂಬುದು ಅವರಿಗೆ ತಿಳಿದಿತ್ತು. ಸಾಲಿನ ಗಂಡಸರು ಬಂದು ಬಡಿದು ಹೋದದ್ದೂ ಕಿವಿಗೆ ಬಿದ್ದಿತ್ತು, ಆ ಸೀರೆ ವಾಪಸು ಬಂದದ್ದರಿಂದ ಅದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮನೆ ತೋರಿಸಲೆಂದೇ ಚಿಕ್ಕಣ್ಣನವರನ್ನು ಕರೆತಂದಿದ್ದರು. ಜಗಲಿಯ ಮುಂದೆ ನಿಂತವರು ಒಳಗಿನ ಸದ್ದು ಕೇಳಿ, "ಕೈ ವಾಸಿ ಆಯ್ತೇನಪ್ಪಾ?" ಎನ್ನುತ್ತಾ ಹೊಸ್ತಿಲು ದಾಟಿದರು. ಅಪ್ಪ ಕಂಡಿಕೆ ಹಿಡಿದುಕೊಂಡು ರಾಟೆ ಮುಂದೆ ಕೂತಿದ್ದ. ಗುಂಡಿಯಲ್ಲಿ ಅಮ್ಮ. ಹೊರಗಿನ ಗಂಡಸರು ಬಂದರೆ ಬಾಗಿಲ ಮರೆಗೆ ಸರಿಯುತ್ತಿದ್ದವಳು ಅಂದು ಏಳಲಿಲ್ಲ, ಸೆರಗು ಎಳೆದುಕೊಂಡು ಬಡಿಯುತ್ತಲೇ ಇದ್ದಳು. ಆ ಚಿಕ್ಕ ಕೋಣೆಯಲ್ಲಿ ಅಷ್ಟು ಜನ ಒತ್ತಿಕೊಂಡು ನಿಂತೆವು. ಕಮಲಿ ಮೆಲ್ಲಗೆ ಬಂದು ನನ್ನ ಪಕ್ಕ ನಿಂತು, ನಾನು ಮಲಗುವ ಮೂಲೆಯನ್ನು ಕಣ್ಣಲ್ಲೇ ತೋರಿಸಿ, "ನಾನು ಅಲ್ಲಿ ಮಲ್ಕೊಂತೀನಿ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅವಳಿಗೆ ಹಾಗೆಂದು ಹೇಳಿ ಕರೆತಂದಿದ್ದರು.

ಅಷ್ಟು ಕಣ್ಣುಗಳು ಮೇಲೆ ಬಿದ್ದಿದ್ದಕ್ಕೋ ಏನೋ, ಅಮ್ಮ ಹಗ್ಗವನ್ನು ಅರ್ಧಕ್ಕೆ ಜಗ್ಗಿದಳು. ಲಾಳಿ ನಡುದಾರಿಯಲ್ಲಿ ನಿಂತಿತು, ಅದು ನಿಂತದ್ದು ತಿಳಿಯದೆ ಕಾಲು ತುಳಿಯಿತು, ಎಡಗೈ ಬಡಿಯಿತು. ಪಟಪಟನೆ ಒಂದು ಹಿಡಿ ಎಳೆ ಒಟ್ಟಿಗೆ ಕಡಿದುಹೋದವು. ನೇಕಾರರ ಮನೆಯಲ್ಲಿ ಅದಕ್ಕಿಂತ ಕೆಟ್ಟ ಸದ್ದು ಇಲ್ಲ. ಮಗ್ಗ ನಿಂತಿತು. ಕಡಿದ ಎಳೆಗಳನ್ನು ಮಗ್ಗದ ಹಿಂಬದಿಯಿಂದ ಒಬ್ಬರು ಆಯ್ದು ಆಯ್ದು ಮುಂದಕ್ಕೆ ಕೊಡಬೇಕು, ಮುಂದಿನವರು ತೆಗೆದುಕೊಂಡು ಗಂಟು ಹಾಕಬೇಕು. ಅಪ್ಪನಿಗೆ ಒಂದು ಕೈ, ಅಜ್ಜಿಗೆ ಕಣ್ಣಿಲ್ಲ, ನನ್ನ ಕೈ ಎಟುಕದು. ಅಮ್ಮ ತಾನೇ ಹಿಂದಕ್ಕೆ ಹೋಗಲೆಂದು ಗುಂಡಿಯಿಂದ ಮೇಲೇಳಹೋದಳು. ಇಷ್ಟು ದಿನ ಅವಳೊಡನೆ ಮಾತು ಬಿಟ್ಟಿದ್ದ ಅಜ್ಜಿ ಒಲೆಯ ಹತ್ತಿರದಿಂದ ಹೇಳಿದಳು:

"ಏಳ್ಬೇಡ ನೀನು. ಎದ್ರೆ ನಿಂತೋಯ್ತು ಅಂತಾರೆ."

ಅಮ್ಮ ಹಾಗೇ ಕೂತಳು. ಶಾಮಣ್ಣನವರು ನಿಟ್ಟುಸಿರು ಬಿಟ್ಟರು. "ನನಗೆ ಮಾತ್ರ ಇದು ಇಷ್ಟಾನಾ ತಾಯಿ? ನಡೆಯೋ ಮಗ್ಗ ಅಂತ ನಾನು ಹೇಗೆ ಹೇಳ್ಲಿ?" ಎಂದು ಚಿಕ್ಕಣ್ಣನ ಕಡೆ ತಿರುಗಿದರು. ಚಿಕ್ಕಣ್ಣ ಅಲ್ಲಿರಲಿಲ್ಲ. ಎಳೆ ಕಡಿದ ಸದ್ದು ಕೇಳಿದಾಗಲೇ ಅವನು ಮಗ್ಗದ ಹಿಂದಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತಿದ್ದ. ಯಾರೂ ಕರೆಯಲಿಲ್ಲ, ಅವನೂ ಯಾರನ್ನೂ ಕೇಳಲಿಲ್ಲ. ಬೆರಳ ತುದಿಯಿಂದ ಒಂದೊಂದೇ ಎಳೆಯನ್ನು ಆಯ್ದು, ಎಂಜಲು ಹಚ್ಚಿ ಚೂಪು ಮಾಡಿ, ಮುಂದಕ್ಕೆ ನೀಡುತ್ತಿದ್ದ. ಅಮ್ಮ ತೆಗೆದುಕೊಂಡು ಗಂಟು ಹಾಕುತ್ತಿದ್ದಳು. "ಏನ್ರೀ ಮಾಡ್ತಿದೀರಿ?" ಎಂದಳು ಸಿದ್ದಮ್ಮ, ಜೋರಾಗಿಯಲ್ಲ. ಅವನಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಆ ಕೆಲಸ ನಡೆಯುವಷ್ಟು ಹೊತ್ತು ಶಾಮಣ್ಣನವರು ಜಗಲಿಗೆ ಹೋಗಿ ಕೂತು ನೀರು ಕೇಳಿ ಕುಡಿದರು. ಕೊನೆಯ ಎಳೆ ಕೊಟ್ಟು ಚಿಕ್ಕಣ್ಣ "ಹೂಂ, ಹಾಕಿ" ಎಂದ. ಅಮ್ಮ ಜಗ್ಗಿದಳು. ಲಾಳಿ ಓಡಿತು.

ಶಾಮಣ್ಣನವರು ಮತ್ತೆ ಒಳಗೆ ಬಂದರು. "ಚಿಕ್ಕಣ್ಣ, ನೀನು ನೇಯೋನು, ನನಗೆ ಇದು ತಿಳಿಯಲ್ಲ. ಮನೆ ಬೇಕಾಗಿರೋನೂ ನೀನೇ. ನೀನು ಹೇಳಿದ ಹಾಗೆ ಮಾಡ್ತೀನಿ. ಇದು ನಡೆಯೋ ಮಗ್ಗನಾ?"

ಚಿಕ್ಕಣ್ಣ ಹೆಂಡತಿಯ ಕಡೆ ನೋಡಲಿಲ್ಲ. ಅಮ್ಮ ನೇಯ್ದಿದ್ದ ಬಟ್ಟೆಯ ಮೇಲೆ ಹೆಬ್ಬೆರಳನ್ನು ಈ ಅಂಚಿನಿಂದ ಆ ಅಂಚಿಗೆ ಎಳೆದ.

"ಅಂಚು ಒಸಿ ಓರೆ ಐತೆ. ಹೊಡೆತ ಒಂದೇ ಸಮ ಐತೆ." ಬೆರಳು ತೆಗೆದ. "ನಡೀತೈತೆ ಸ್ವಾಮಿ."

ಶಾಮಣ್ಣನವರು ತಲೆಯಾಡಿಸಿ ಕೊಡೆ ತೆಗೆದುಕೊಂಡರು. ನಮ್ಮ ಮನೆ ಉಳಿಯಿತು. ಸಂತೋಷದಿಂದ ಕುಣಿಯಬೇಕಾಗಿದ್ದ ನಾನು ಕಮಲಿಯ ಪಕ್ಕ ನಿಂತುಕೊಂಡು ಅತ್ತೆ. ಯಾಕೆ ಅಳುತ್ತೀ ಎಂದು ಯಾರೂ ಕೇಳಲಿಲ್ಲ. ಸಿದ್ದಮ್ಮ ಮಗಳ ಕೈ ಹಿಡಿದು ಹೊಸ್ತಿಲಾಚೆ ನಡೆದಳು. "ನಾವು ಇಲ್ಲಿ ಮಲ್ಕೊಳಲ್ವಾ ಅಮ್ಮ?" ಎಂದಿತು ಕಮಲಿಯ ದನಿ. "ಇಲ್ಲ ಕಣೆ" ಎಂದಳು ಸಿದ್ದಮ್ಮ. ಅಪ್ಪ ಎದ್ದುನಿಂತು, ಕಂಡಿಕೆ ಹಿಡಿದ ಎಡಗೈಯನ್ನು ಕಟ್ಟು ಹಾಕಿದ ಬಲಗೈಗೆ ತಾಗಿಸಿ ಕೈ ಮುಗಿದ. ಚಿಕ್ಕಣ್ಣ ಅದನ್ನು ನೋಡದವನ ಹಾಗೆ ಹೊಸ್ತಿಲಲ್ಲಿ ನಿಂತು, ಅಮ್ಮನ ಕಡೆಗೆ ತಿರುಗಿದ.

"ಹಗ್ಗ ಅರ್ಧಕ್ಕೆ ಬಿಡ್ಬೇಡಿ ಅಕ್ಕ. ಪೂರ್ತಿ ಜಗ್ಗಿ."

ಅಮ್ಮ ತಲೆಯೆತ್ತಲಿಲ್ಲ. ಪೂರ್ತಿ ಜಗ್ಗಿದಳು. ಅವರು ಸಾಲು ಮುಗಿದು, ಬಾವಿ ದಾಟಿ, ಪೇಟೆಯ ಕಡೆ ತಿರುಗುವವರೆಗೂ ನಾನು ಜಗಲಿಯಲ್ಲಿ ನಿಂತು ನೋಡಿದೆ. ಅಷ್ಟು ದೂರವೂ ಅವರ ಬೆನ್ನಿಗೆ ನಮ್ಮ ಮಗ್ಗದ ಸದ್ದು ಕೇಳಿಸುತ್ತಲೇ ಇತ್ತು.